ಡಿಸ್ನಿ ವರ್ಲ್ಡ್‌ಗೆ ಮೊದಲ ಸಲ: ಎರಡು ದಿನ ಸಾಕಾ? ಟಿಕೆಟ್ ಗೇಟಲ್ಲೇ ತಗೋಬಹುದಾ?

ಕೆಎ17_ಪಿಜೆಬಡಾವಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ಮೇ ತಿಂಗಳ ಶಾಲೆ ರಜೆಯಲ್ಲಿ ದಾವಣಗೆರೆಯಿಂದ ಆರು ಜನ ಅಮೆರಿಕಕ್ಕೆ ಹೊರಟಿದ್ದೇವೆ. ಅಪ್ಪ, ಅಮ್ಮ ಇಬ್ಬರಿಗೂ 65 ದಾಟಿದೆ, ಅಮ್ಮನಿಗೆ ಮಂಡಿನೋವು. ಮಕ್ಕಳಿಗೆ 11 ಮತ್ತು 4 ವರ್ಷ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆನೂ ಮುಟ್ಟಲ್ಲ. ವೀಸಾ ಆಗಿದೆ. ಇಳಿಯೋದು ಲಾಸ್ ಏಂಜಲಿಸ್ ಹತ್ತಿರದ ನೆಂಟರ ಮನೇಲಿ. ಅಲ್ಲಿಂದ ಎರಡು ದಿನ ಡಿಸ್ನಿ ವರ್ಲ್ಡ್ ನೋಡ್ಕೊಂಡು ಬರೋಣ ಅಂತ ಲೆಕ್ಕ.

ಮನೆಯ ವಾಟ್ಸಾಪ್ ಗುಂಪಲ್ಲಿ ತಲೆಗೊಂದು ಮಾತು. ಟಿಕೆಟ್ ಗೇಟಲ್ಲೇ ಸಿಗುತ್ತೆ, ಹನ್ನೆರಡರೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್, ವೀಲ್‌ಚೇರ್ ತಗೊಂಡ್ರೆ ಸಾಲಿಲ್ಲದೆ ಒಳಗೆ ಬಿಡ್ತಾರೆ, ಬುತ್ತಿ ತಗೊಂಡ್ಹೋದ್ರೆ ಗೇಟಲ್ಲಿ ಕಿತ್ಕೋತಾರೆ. ಇದರಲ್ಲಿ ನಿಜ ಎಷ್ಟು?

ಕೋಟೆನಾಡಿನವ (ಚಿತ್ರದುರ್ಗ)

ಟಿಕೆಟ್ ಗೇಟಲ್ಲೂ ಸಿಗುತ್ತೆ ಅನ್ನೋದೊಂದು ಬಿಟ್ಟರೆ ನೀವು ಬರೆದದ್ದರಲ್ಲಿ ಯಾವುದೂ ನಿಜ ಅಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಅದಕ್ಕಿಂತ ದೊಡ್ಡ ತಪ್ಪು ನೀವು ಕೇಳದೇ ಬಿಟ್ಟಿರೋದರಲ್ಲಿದೆ: ಊರೇ ಬೇರೆ.

ಲಾಸ್ ಏಂಜಲಿಸ್ ಹತ್ತಿರ ಅನಹೈಮ್‌ನಲ್ಲಿ ಇರೋದು ಡಿಸ್ನಿಲ್ಯಾಂಡ್, 1955ರಲ್ಲಿ ತೆರೆದದ್ದು. ಡಿಸ್ನಿ ವರ್ಲ್ಡ್ ಇರೋದು ಫ್ಲೋರಿಡಾದ ಒರ್ಲಾಂಡೊ ಪಕ್ಕ. ಅದರ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ಕ್ಕೆ, ವಾಲ್ಟ್ ಡಿಸ್ನಿ ತೀರಿಕೊಂಡು ಸುಮಾರು ಐದು ವರ್ಷದ ಮೇಲೆ. ಎರಡರ ನಡುವೆ ವಿಮಾನದಲ್ಲೇ ಹತ್ತಿರ ಹತ್ತಿರ ಐದು ತಾಸು. ನಿಮ್ಮ ಕೈಲಿ ನಿಜವಾಗಲೂ ಎರಡೇ ದಿನ ಇದ್ದರೆ ಫ್ಲೋರಿಡಾ ಬಿಡಿ, ಅನಹೈಮ್‌ಗೇ ಹೋಗಿ. ಅಲ್ಲಿ ಎರಡು ಪಾರ್ಕು, ಗೇಟುಗಳು ಎದುರುಬದುರು, ಎರಡು ದಿನಕ್ಕೆ ಸರಿಯಾಗಿ ಹೊಂದುತ್ತೆ.

ಫ್ಲೋರಿಡಾದ್ದು ಬೇರೆಯದೇ ಅಳತೆ. ನಮ್ಮ ಜನ ಬಿಡದಿ ವಂಡರ್‌ಲಾ ಲೆಕ್ಕ ಮನಸ್ಸಲ್ಲಿಟ್ಟುಕೊಂಡು ಹೋಗ್ತಾರೆ: ಒಂದು ಗೇಟು, ಒಂದು ಟಿಕೆಟ್ಟು, ಸಂಜೆಗೆ ಮುಗೀತು. ಇಲ್ಲಿ ಜಾಗ ಸುಮಾರು 25 ಸಾವಿರ ಎಕರೆ, ಅಂದರೆ 100 ಚದರ ಕಿಲೋಮೀಟರ್ ಆಸುಪಾಸು. ಅದರೊಳಗೆ ನಾಲ್ಕು ಬೇರೆ ಬೇರೆ ಪಾರ್ಕು: ಮ್ಯಾಜಿಕ್ ಕಿಂಗ್‌ಡಮ್ (1971), ಎಪ್‌ಕಾಟ್ (1982), ಹಾಲಿವುಡ್ ಸ್ಟುಡಿಯೋಸ್ (1989), ಅನಿಮಲ್ ಕಿಂಗ್‌ಡಮ್ (1998). ಎರಡು ನೀರಿನ ಪಾರ್ಕು, ಒಂದು ದೊಡ್ಡ ಅಂಗಡಿಬೀದಿ, ಇಪ್ಪತ್ತಕ್ಕೂ ಹೆಚ್ಚು ಹೋಟೆಲು ಬೇರೆ. ಮ್ಯಾಜಿಕ್ ಕಿಂಗ್‌ಡಮ್‌ನಿಂದ ಅನಿಮಲ್ ಕಿಂಗ್‌ಡಮ್‌ಗೆ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹತ್ತಿರ. ದಾವಣಗೆರೆಯಿಂದ ಹರಿಹರದ ದಾರಿ ಮುಕ್ಕಾಲು ಸವೆಸಿದ ಹಾಗೆ. ನಡೆದು ಹೋಗೋ ಮಾತಲ್ಲ. ಪಾರ್ಕಿಗೊಂದು ದಿನ, ನಡುವೆ ಒಂದು ದಿನ ವಿಶ್ರಾಂತಿ, ಒಟ್ಟು ಐದು ದಿನ ಇಟ್ಟುಕೊಳ್ಳಿ. ಹಿರಿಯರಿದ್ದಾಗ ಆ ವಿಶ್ರಾಂತಿ ದಿನ ಬಿಡಲೇಬೇಡಿ. ದಿನಕ್ಕೆ ಹತ್ತರಿಂದ ಹದಿನೈದು ಕಿಲೋಮೀಟರ್ ನಡಿಗೆ ತಾನಾಗೇ ಆಗಿಬಿಡುತ್ತೆ.

ಕಾರಲ್ಲಿ ಹೋಗುವವರು ಎಡವೋದು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ. ಮಿಕ್ಕ ಮೂರು ಪಾರ್ಕಲ್ಲಿ ಪಾರ್ಕಿಂಗ್ ಗೇಟಿನ ಮುಂದೇ. ಇಲ್ಲಿ ಮಾತ್ರ ಪಾರ್ಕಿಂಗ್ ಕೆರೆಯ ಆಚೆ ದಡದಲ್ಲಿ. ಕಾರು ನಿಲ್ಲಿಸಿ, ಸೆಕ್ಯೂರಿಟಿ ದಾಟಿ, ಆಮೇಲೆ ಮೋನೋರೈಲ್ ಇಲ್ಲವೇ ದೊಡ್ಡ ದೋಣಿ ಹತ್ತಿ ಈಚೆ ಬರಬೇಕು. ಒಂಬತ್ತಕ್ಕೆ ಬಾಗಿಲು ಅಂದರೆ ಎಂಟಕ್ಕೆ ಪಾರ್ಕಿಂಗಲ್ಲಿ ಇರಬೇಕು. ಎಂಟೂಮುಕ್ಕಾಲಿಗೆ ಬಂದವರು ಆ ದಿನದ ಅತಿ ಖಾಲಿ ಇರೋ ಗಂಟೆನ ಕೆರೆ ದಾಟೋದರಲ್ಲೇ ಕಳ್ಕೋತಾರೆ. ಡಿಸ್ನಿಯವರದೇ ಹೋಟೆಲಲ್ಲಿ ಉಳಿದರೆ ಬಸ್ಸು ನೇರ ಗೇಟಿಗೆ ಬಿಡುತ್ತೆ, ಪಾರ್ಕಿಂಗ್ ದುಡ್ಡೂ ಇಲ್ಲ. ಬಾಡಿಗೆ ಕಾರು ತಗೊಂಡರೆ ನಾಲ್ಕು ವರ್ಷದವನಿಗೆ ಮಕ್ಕಳ ಸೀಟು ಇಲ್ಲವೇ ಬೂಸ್ಟರ್ ಕಡ್ಡಾಯ, ಅದು ಫ್ಲೋರಿಡಾದ ಕಾನೂನು.

ಇನ್ನೊಂದು, ವಿಮಾನ ನಿಲ್ದಾಣದಿಂದ ಡಿಸ್ನಿ ಬಸ್ಸು ಪುಕ್ಕಟೆ ಅಂತ ಯಾರಾದರೂ ಹೇಳಿದರೆ ಅದು ಹಳೇ ಸುದ್ದಿ. 2022ರ ಜನವರಿಯಲ್ಲೇ ನಿಂತುಹೋಯ್ತು.

ಮಂಡಕ್ಕಿ_ಮೆಣಸಿನಕಾಯಿ (ದಾವಣಗೆರೆ)

ಟಿಕೆಟ್ ವಿಷಯ ನಾನು ಹೇಳ್ತೀನಿ.

ಟಿಕೆಟ್ಟಿಗೆ ತಾರೀಖು ಅಂಟಿರುತ್ತೆ, ತಾರೀಖು ಬದಲಾದರೆ ರೇಟೂ ಬದಲು. ಒಂದು ದಿನದ್ದು ಒಬ್ಬರಿಗೆ 100 ಡಾಲರ್ ದಾಟುತ್ತೆ, ತೋರಿಸೋ ರೇಟಿನ ಮೇಲೆ 6.5% ತೆರಿಗೆ ಬೇರೆ. ದಿನ ಹೆಚ್ಚಾದಷ್ಟೂ ದಿನವಹಿ ರೇಟು ಇಳಿಯುತ್ತೆ. ನಾಲ್ಕು ದಿನದ ಟಿಕೆಟ್ಟನ್ನ ಶುರುವಾದ ತಾರೀಖಿಂದ ಏಳು ದಿನದೊಳಗೆ ಬಳಸಬಹುದು, ಹಾಗಾಗಿ ವಿಶ್ರಾಂತಿ ದಿನಕ್ಕೆ ದುಡ್ಡು ಕೊಡಬೇಕಿಲ್ಲ. ಗೇಟಲ್ಲಿ ಬೆರಳು ಇಡಿಸ್ಕೋತಾರೆ, ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ನಡೆಯಲ್ಲ. ಉಳಿದ ದಿನ ಇದೆ ಅಂತ ಅಗ್ಗಕ್ಕೆ ಮಾರೋರ ಹತ್ತಿರ ತಗೋಬೇಡಿ.

ಮಕ್ಕಳ ಲೆಕ್ಕ: ಮೂರು ವರ್ಷ ತುಂಬದವರಿಗೆ ಪುಕ್ಕಟೆ. 3ರಿಂದ 9 ಮಕ್ಕಳ ಟಿಕೆಟ್, ಅದೂ ಅರ್ಧ ಅಲ್ಲ, ಒಂದಿಷ್ಟು ಡಾಲರ್ ಕಡಿಮೆ ಅಷ್ಟೇ. ಹತ್ತು ತುಂಬಿದರೆ ದೊಡ್ಡವರ ಟಿಕೆಟ್. ನಿಮ್ಮ ಹನ್ನೊಂದರ ಹುಡುಗ ಅಲ್ಲಿ ದೊಡ್ಡವನೇ.

ಈಗ ಸಾಲು ತಪ್ಪಿಸೋ ವಿಷಯ. ಟಿಕೆಟ್ಟಲ್ಲಿ ಎಲ್ಲಾ ರೈಡೂ ಸೇರಿದೆ, ಆದರೆ ಸಾಲಲ್ಲಿ ನಿಂತು. ಬೇಗ ಹೋಗೋಕೆ ಲೈಟ್ನಿಂಗ್ ಲೇನ್, ಅದಕ್ಕೆ ಬೇರೆ ದುಡ್ಡು, ದಿನ ಮತ್ತು ಪಾರ್ಕಿಗೆ ತಕ್ಕಂತೆ ರೇಟು. ಮಲ್ಟಿ ಪಾಸ್ ಅನ್ನೋದರಲ್ಲಿ ಮುಂಚೆಯೇ ಮೂರು ರೈಡಿಗೆ ಹೊತ್ತು ಹಿಡೀಬಹುದು, ಒಂದು ಮುಗಿಸಿದ ಮೇಲೆ ಮುಂದಿನದು ಒಂದೊಂದೇ. ಅತಿ ಬೇಡಿಕೆಯ ಕೆಲವು ರೈಡು ಇದರಲ್ಲಿ ಬರಲ್ಲ, ಅವಕ್ಕೆ ಸಿಂಗಲ್ ಪಾಸ್ ಬಿಡಿಯಾಗಿ. 2024ರ ಜುಲೈಗಿಂತ ಮುಂಚೆ ಇದಕ್ಕೆ ಬೇರೆ ಹೆಸರು, ಬೇರೆ ನಿಯಮ ಇತ್ತು. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಹೋದವರು ಕೆಡೋದು ಇಲ್ಲೇ.

ಬುಕಿಂಗ್ ತೆರೆಯೋದು ಫ್ಲೋರಿಡಾ ಸಮಯ ಬೆಳಿಗ್ಗೆ 7ಕ್ಕೆ. ಡಿಸ್ನಿ ಹೋಟೆಲಲ್ಲಿ ಇರೋರಿಗೆ ಹೋಟೆಲ್ ಸೇರೋ ದಿನಕ್ಕಿಂತ ಏಳು ದಿನ ಮುಂಚೆ, ಅಲ್ಲಿರೋ ಅಷ್ಟೂ ದಿನಕ್ಕೆ ಒಟ್ಟಿಗೆ. ಹೊರಗೆ ಉಳಿಯೋರಿಗೆ ಪಾರ್ಕಿಗೆ ಹೋಗೋ ಒಂದೊಂದು ದಿನಕ್ಕೂ ಮೂರು ದಿನ ಮುಂಚೆ. ಮೇ ತಿಂಗಳಲ್ಲಿ ಆ 7 ಗಂಟೆ ಅಂದರೆ ನಮ್ಮಲ್ಲಿ ಸಂಜೆ 4:30. ಡಿಸ್ನಿಯವರ ಆ್ಯಪ್‌ನಲ್ಲಿ ಆರೂ ಜನರ ಟಿಕೆಟ್ ಒಂದೇ ಖಾತೆಗೆ ಹಿಂದಿನ ದಿನವೇ ಜೋಡಿಸಿಟ್ಟಿರಿ. 4:30ಕ್ಕೆ ಕೂತು ಅಮ್ಮನ ಹೆಸರು ಸೇರಿಸ್ತಾ ಇದ್ದರೆ ಒಳ್ಳೇ ಹೊತ್ತುಗಳು ಅಷ್ಟರಲ್ಲೇ ಖಾಲಿ.

ಒಂದೇ ದಿನ ಎರಡು ಪಾರ್ಕು ನೋಡೋ ಹಾಪರ್ ಟಿಕೆಟ್ ಬೇಡ. ಮಕ್ಕಳು, ಹಿರಿಯರು ಇದ್ದಾಗ ಅದು ದಂಡ.

ಬಾತಿಕೆರೆ_ಹಕ್ಕಿ (ದಾವಣಗೆರೆ)

ಹಾಪರ್ ಪೂರ್ತಿ ದಂಡ ಅನ್ನೋದನ್ನ ನಾನು ಒಪ್ಪಲ್ಲ. ಎಪ್‌ಕಾಟ್‌ನ ಹಿಂಬಾಗಿಲಿಂದ ಹಾಲಿವುಡ್ ಸ್ಟುಡಿಯೋಸ್‌ಗೆ ದೋಣಿ ಇದೆ, ತಂತಿ ಮೇಲೆ ತೂಗುತೊಟ್ಟಿಲ ಹಾಗೆ ಸಾಗೋ ಸ್ಕೈಲೈನರ್ ಇದೆ, ನಡೆದರೂ ಅರ್ಧ ಗಂಟೆ ಒಳಗೆ. ಆ ಜೋಡಿಗೆ ಹಾಪರ್ ದುಡ್ಡು ಹುಟ್ಟುತ್ತೆ. ಮಿಕ್ಕ ಜೋಡಿಗಳಿಗೆ ನೀವು ಹೇಳಿದ್ದೇ ಸರಿ.

ಅಮ್ಮನ ವಿಷಯಕ್ಕೆ ಬರ್ತೀನಿ. ವೀಲ್‌ಚೇರ್ ಇದ್ದರೆ ಸಾಲು ತಪ್ಪುತ್ತೆ ಅನ್ನೋದು ಸುಳ್ಳು. ಅಲ್ಲಿನ ಬಹುತೇಕ ಸಾಲುಗಳನ್ನ ವೀಲ್‌ಚೇರ್ ಹೋಗೋ ಅಗಲಕ್ಕೇ ಕಟ್ಟಿದ್ದಾರೆ, ಎಲ್ಲರ ಜೊತೆನೇ ಹೋಗಬೇಕು. ಹಾಗಂತ ತಗೋಬೇಡಿ ಅಂತಲ್ಲ. ಮಂಡಿನೋವಿದ್ದವರಿಗೆ ಖಂಡಿತ ಬೇಕು. ಸಾಲು ಉಳಿಯಲ್ಲ, ಕಾಲು ಉಳಿಯುತ್ತೆ. ಪಾರ್ಕಿನ ಬಾಗಿಲಲ್ಲೇ ಬಾಡಿಗೆಗೆ ಸಿಗುತ್ತೆ, ಮೊದಲು ಬಂದವರಿಗೆ ಮೊದಲು. ಆ ಪಾರ್ಕಿಂದ ಹೊರಗೆ ಒಯ್ಯೋ ಹಾಗಿಲ್ಲ, ಬಸ್‌ಸ್ಟಾಪಿನವರೆಗೂ ಇಲ್ಲ. ಐದು ದಿನಕ್ಕೂ ಬೇಕಾದರೆ ಹೊರಗಿನ ಬಾಡಿಗೆಯವರಿಂದ ಹೋಟೆಲಿಗೇ ತರಿಸಿಕೊಳ್ಳೋದು ಮೇಲು.

ಮೆತ್ತಗಿನ ರೈಡುಗಳಲ್ಲೂ ಒಂದು ತೊಡಕಿದೆ. ಮ್ಯಾಜಿಕ್ ಕಿಂಗ್‌ಡಮ್‌ನ ಪೀಪಲ್‌ಮೂವರ್ ಅನ್ನೋದು ಹಿರಿಯರಿಗೆ ಹೇಳಿ ಮಾಡಿಸಿದ ಸವಾರಿ, ಎತ್ತರದಲ್ಲಿ ನಿಧಾನಕ್ಕೆ ಸುತ್ತುತ್ತೆ, ಗಾಳಿ ಬರುತ್ತೆ. ಆದರೆ ಹತ್ತೋಕೆ ಚಲಿಸೋ ಪಟ್ಟಿ ಮೇಲೆ ಕಾಲಿಡಬೇಕು, ವೀಲ್‌ಚೇರಿಂದ ಎದ್ದು ನಡೆಯಲೇಬೇಕು. ಹಾಂಟೆಡ್ ಮ್ಯಾನ್ಷನ್‌ನಲ್ಲೂ ಚಲಿಸೋ ಪಟ್ಟಿಯೇ. ಎಪ್‌ಕಾಟ್‌ನ ಲಿವಿಂಗ್ ವಿತ್ ದ ಲ್ಯಾಂಡ್ ದೋಣಿಯಲ್ಲಿ ಕೂತೇ ಗಾಜಿನ ಮನೆಯೊಳಗೆ ಬೆಳೆ ನೋಡಬಹುದು. ನಮ್ಮ ಕಡೆ ಹೊಲ ನೋಡಿ ಬೆಳೆದವರಿಗೆ ಇದೇ ಹೆಚ್ಚು ಹಿಡಿಸುತ್ತೆ ಅಂತ ನನ್ನ ಅನಿಸಿಕೆ. ಅನಿಮಲ್ ಕಿಂಗ್‌ಡಮ್‌ನ ಸಫಾರಿ ನಿಜವಾದ ಪ್ರಾಣಿಗಳದ್ದು, ಆನಗೋಡು ಕಿರು ಮೃಗಾಲಯದ ಹಾಗೆ ಬೇಲಿ ಪಕ್ಕ ನಡೆಯೋದಲ್ಲ, ತೆರೆದ ಲಾರಿಯಲ್ಲಿ ಕೂತು ಹೋಗೋದು. ಲಾರಿ ಕುಲುಕುತ್ತೆ, ಸೊಂಟನೋವಿದ್ದರೆ ಯೋಚಿಸಿ. ಬೆಳಿಗ್ಗೆಯೇ ಹೋಗಿ, ಬಿಸಿಲೇರಿದರೆ ಪ್ರಾಣಿಗಳು ನೆರಳು ಹಿಡಿದು ಮಲಗ್ತವೆ. ಅದೇ ಪಾರ್ಕಿನ ಏಷ್ಯಾ ಭಾಗಕ್ಕೆ ಆನಂದಪುರ ಅಂತ ಕಟ್ಟುಹೆಸರಿಟ್ಟಿದ್ದಾರೆ, ಅಲ್ಲಿ ಹುಲಿ ಇದೆ.

ಚಿಕ್ಕವನ ಎತ್ತರವನ್ನ ಮನೆಯಲ್ಲೇ ಅಳೆದು ಬರೆದಿಟ್ಟುಕೊಳ್ಳಿ. ವಯಸ್ಸಲ್ಲ, ಎತ್ತರವೇ ಲೆಕ್ಕ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಮತ್ತು ಸ್ಲಿಂಕಿ ಡಾಗ್‌ಗೆ 97 ಸೆಂಟಿಮೀಟರ್, ಟವರ್ ಆಫ್ ಟೆರರ್‌ಗೆ 102, ಸ್ಪೇಸ್ ಮೌಂಟನ್ ಮತ್ತು ಎಕ್ಸ್‌ಪೆಡಿಷನ್ ಎವರೆಸ್ಟ್‌ಗೆ 112, ಟ್ರಾನ್‌ಗೆ 122. ಒಂದು ಸೆಂಟಿಮೀಟರ್ ಕಡಿಮೆ ಇದ್ದರೂ ಬಿಡಲ್ಲ, ಅತ್ತು ಗೋಗರೆದರೂ ಇಲ್ಲ. ಅದಕ್ಕೆ ರೈಡರ್ ಸ್ವಿಚ್ ಅಂತ ಪುಕ್ಕಟೆ ವ್ಯವಸ್ಥೆ ಇದೆ. ಒಬ್ಬರು ಮಗು ಹಿಡ್ಕೊಂಡು ಹೊರಗೆ, ಮಿಕ್ಕವರು ಸವಾರಿ ಮುಗಿಸಿ ಬಂದ ಮೇಲೆ ಹೊರಗಿದ್ದವರು ಪೂರ್ತಿ ಸಾಲು ನಿಲ್ಲದೆ ಹೋಗಬಹುದು. ಸಾಲಿಗೆ ಸೇರೋ ಮುಂಚೆಯೇ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಹೇಳಬೇಕು, ಒಬ್ಬರು ಹೋಗಿ ಬಂದ ಮೇಲೆ ಕೇಳಿದರೆ ಆಗಲ್ಲ.

ಸೀರೆ ಉಡಬಹುದಾ ಅಂತ ಅಮ್ಮ ಕೇಳೇ ಕೇಳ್ತಾರೆ. ಧಾರಾಳವಾಗಿ. ಕಾಲಿ ರಿವರ್ ರ‍್ಯಾಪಿಡ್ಸ್ ಒಂದು ಬಿಟ್ಟು, ಅದರಲ್ಲಿ ತೊಪ್ಪೆಯಾಗಿ ನೆನೆಯುತ್ತೆ. ಹೊಸ ಶೂ ಹಾಕ್ಕೊಂಡು ಹೊರಡಬೇಡಿ. ಸೆಲ್ಫಿ ಸ್ಟಿಕ್ ಮನೇಲೇ ಬಿಡಿ, ಪಾರ್ಕೊಳಗೆ ನಿಷೇಧ.

ಕೆಎ17_ಪಿಜೆಬಡಾವಣೆ

ಅನಹೈಮ್ ಬಿಟ್ಟು ಫ್ಲೋರಿಡಾಕ್ಕೇ ಐದು ದಿನ ಅಂತ ಮನೇಲಿ ತೀರ್ಮಾನ ಆಯ್ತು. ಊಟ ಮತ್ತು ಮಳೆ ವಿಷಯ ಯಾರಾದ್ರೂ ಹೇಳ್ತೀರಾ? ಮ್ಯಾಜಿಕ್ ಕಿಂಗ್‌ಡಮ್‌ನ ಆ ಸಿಂಡ್ರೆಲಾ ಅರಮನೆ ಒಳಗೆ ಸುತ್ತೋಕೆ ಎಷ್ಟೊತ್ತು ಇಡಬೇಕು?

ಕೋಟೆನಾಡಿನವ (ಚಿತ್ರದುರ್ಗ)

ಅರಮನೆಗೆ ಸೊನ್ನೆ ನಿಮಿಷ ಇಡಿ. 189 ಅಡಿ ಎತ್ತರ, ಆದರೆ ಒಳಗೆ ಕೋಣೆ ಕೋಣೆ ಸುತ್ತೋ ಅರಮನೆ ಅಲ್ಲ. ನಡುವೆ ಒಂದು ಹಾದಿ, ಮೇಲೊಂದು ಊಟದ ಮನೆ. ಕಲ್ಲೂ ಅಲ್ಲ, ಉಕ್ಕು, ಕಾಂಕ್ರೀಟು, ಫೈಬರ್‌ಗ್ಲಾಸ್. ಮೇಲೆ ಮೇಲೆ ಹೋದಂತೆ ಕಿಟಕಿ, ಗೋಪುರ ಎಲ್ಲ ಸಣ್ಣ ಮಾಡಿ ಕಣ್ಣಿಗೆ ಇನ್ನೂ ಎತ್ತರ ಕಾಣೋ ಹಾಗೆ ಕಟ್ಟಿದ್ದಾರೆ. ಏಳು ಸುತ್ತಿನ ಕೋಟೆ ಹತ್ತಿ ಇಳಿದವರಿಗೆ ಅದರೊಳಗೆ ನೋಡೋಕೆ ಏನಿಲ್ಲ. ಪಾರ್ಕಿನ ಕೆಳಗೆ ಸುರಂಗ ಇದೆ ಅಂತ ಕೆಲವರು ಹೇಳ್ತಾರಲ್ಲ, ಅದು ಮಾತ್ರ ನಿಜ. ಆದರೆ ಅದು ಅಗೆದದ್ದಲ್ಲ. ಫ್ಲೋರಿಡಾದಲ್ಲಿ ಸ್ವಲ್ಪ ಅಗೆದರೂ ನೀರು ಬರುತ್ತೆ, ಅದಕ್ಕೆ ಸುರಂಗವನ್ನ ನೆಲದ ಮಟ್ಟದಲ್ಲೇ ಕಟ್ಟಿ ಮಣ್ಣು ತುಂಬಿ ಅದರ ಮೇಲೆ ಪಾರ್ಕ್ ಮಾಡಿದರು. ನೀವು ಓಡಾಡೋದು ಲೆಕ್ಕಕ್ಕೆ ಮೊದಲನೇ ಮಹಡಿಯಲ್ಲಿ.

ಮಳೆ: ಜೋರು ಮಳೆಗಾಲ ಜೂನಿಂದ, ಮೇ ಕೊನೆಯಲ್ಲೂ ಮಧ್ಯಾಹ್ನ ಗುಡುಗು ಬರಬಹುದು. ಮಿಂಚು ಕಂಡರೆ ಹೊರಗಿನ ರೈಡು, ಸ್ಕೈಲೈನರ್ ಎರಡೂ ನಿಲ್ತವೆ, ಟಿಕೆಟ್ ದುಡ್ಡು ವಾಪಸ್ ಇಲ್ಲ. ಬಹಳ ಸಲ ಒಂದು ತಾಸಲ್ಲಿ ಬಿಡುತ್ತೆ, ಜನ ಹೋಟೆಲಿಗೆ ಓಡಿರ್ತಾರೆ. ಆ ಹೊತ್ತಿಗೆ ಒಳಗಿನ ರೈಡು ಇಟ್ಟುಕೊಂಡು ಪಾರ್ಕಲ್ಲೇ ಉಳಿದವರಿಗೆ ಲಾಭ. ತೆಳು ರೇನ್‌ಕೋಟ್ ಇಲ್ಲಿಂದಲೇ ಒಯ್ಯಿರಿ. ಮೇ ಮೊದಲ ಮೂರು ವಾರ ಆದರೆ ಒಳ್ಳೇದು, ಕೊನೇ ಸೋಮವಾರ ಅವರಿಗೆ ಮೆಮೋರಿಯಲ್ ಡೇ ರಜೆ, ಅದರ ಆಸುಪಾಸು ಜಾತ್ರೆ.

ಬಾತಿಕೆರೆ_ಹಕ್ಕಿ (ದಾವಣಗೆರೆ)

ಬುತ್ತಿ ಒಳಗೆ ಬಿಡ್ತಾರೆ. ಗಾಜಿನ ಬಾಟಲಿ, ಬಿಡಿ ಮಂಜುಗಡ್ಡೆ ಇರಬಾರದು, ಬಿಸಿ ಮಾಡಬೇಕಾದ ಪದಾರ್ಥ ಬೇಡ. ಚಪಾತಿ, ಶೇಂಗಾ ಚಟ್ನಿಪುಡಿ, ಕೋಡುಬಳೆಗೆ ತಕರಾರಿಲ್ಲ. ಕುಡಿಯೋ ನೀರು ಕೊಳ್ಳಬೇಡಿ, ಕೌಂಟರಿನ ಊಟದಂಗಡಿಗಳಲ್ಲಿ ಐಸ್ ಹಾಕಿದ ನೀರಿನ ಲೋಟ ಪುಕ್ಕಟೆ ಕೊಡ್ತಾರೆ. ಊರಿಂದ ಏನೇ ತಿನಿಸು ಒಯ್ದರೂ ಅಮೆರಿಕದಲ್ಲಿ ಇಳಿದ ಕೂಡಲೇ ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಹಸಿ ಕರಿಬೇವಂತೂ ಬೇಡವೇ ಬೇಡ. ನಿಂಬೆ, ಕಿತ್ತಳೆ ಜಾತಿಯ ಗಿಡಗಳ ರೋಗ ಬರುತ್ತೆ ಅಂತ ಅದಕ್ಕೆ ನಿಷೇಧ, ಫ್ಲೋರಿಡಾ ಕಿತ್ತಳೆ ನಾಡು.

ವೆಜಿಟೇರಿಯನ್ ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಇರುತ್ತೆ. ಮೆನುವಿನಲ್ಲಿ ಎಲೆ ಗುರುತು ಇದ್ದರೆ ಪ್ಲಾಂಟ್ ಬೇಸ್ಡ್, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ತರಕಾರಿ ಸೂಪು ಅಂತ ಬರೆದಿದ್ದರೂ ಕೋಳಿ ಸಾರಲ್ಲಿ ಕುದಿಸಿದ್ದಾ ಅಂತ ಕೇಳಿ. ಎಪ್‌ಕಾಟ್‌ನಲ್ಲಿ ಹನ್ನೊಂದು ದೇಶದ ಮಂಟಪ ಇದೆ, ಭಾರತದ್ದಿಲ್ಲ. ನಮ್ಮ ರುಚಿ ಬೇಕಾದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್ ಹೋಟೆಲಿನ ಸನಾ. ಅಲ್ಲಿ ನಾನ್, ಬಗೆಬಗೆ ಚಟ್ನಿ ಸಿಗುತ್ತೆ, ಹೊರಗೆ ಜಿರಾಫೆ ಮೇಯ್ತಿರುತ್ತೆ. ಪಾರ್ಕ್ ಟಿಕೆಟ್ ಬೇಕಿಲ್ಲ, ನಿಮ್ಮ ವಿಶ್ರಾಂತಿ ದಿನಕ್ಕೆ ಹೊಂದುತ್ತೆ. ಟೇಬಲ್ 60 ದಿನ ಮುಂಚಿಂದ ಹಿಡೀಬಹುದು.

ಮಂಡಕ್ಕಿ_ಮೆಣಸಿನಕಾಯಿ (ದಾವಣಗೆರೆ)

ಒಂದು ಬಿಟ್ಟುಹೋಗಿತ್ತು. ನಾನು ಸಂಜೆ 4:30 ಅಂದದ್ದು ನೀವು ದಾವಣಗೆರೆಯಲ್ಲಿದ್ದರೆ. ಮೊದಲು ನೆಂಟರ ಮನೆಗೆ ಹೋಗೋದಾದರೆ ಬುಕಿಂಗ್ ದಿನ ನೀವು ಲಾಸ್ ಏಂಜಲಿಸ್‌ನಲ್ಲೇ ಇರ್ತೀರಿ, ಫ್ಲೋರಿಡಾದ 7 ಅಂದರೆ ಅಲ್ಲಿ ನಸುಕಿನ 4. ಹೊರಗಿನ ಹೋಟೆಲಾದರೆ ಬುಕಿಂಗ್ ನಾಲ್ಕು ಪಾರ್ಕಿಗೆ ನಾಲ್ಕು ಸಲ (ಕೊನೆಯವು ಫ್ಲೋರಿಡಾ ಸೇರಿದ ಮೇಲೆ), ಡಿಸ್ನಿ ಹೋಟೆಲಾದರೆ ಒಂದೇ ಸಲ. ಇಲ್ಲವೇ ಫ್ಲೋರಿಡಾನೇ ಮೊದಲು ಇಟ್ಟುಕೊಂಡು ನೆಂಟರ ಮನೆ ಆಮೇಲೆ ಮಾಡಿ. ಆಗ ಏಳು ದಿನ ಮುಂಚಿನ ಬುಕಿಂಗನ್ನ ಇಲ್ಲೇ ಮನೇಲಿ ಕೂತು ಸಂಜೆ ಕಾಫಿ ಹೊತ್ತಿಗೆ ಮುಗಿಸಬಹುದು.