ಸೌರ ಮತ್ತು ಪವನ ಶಕ್ತಿಗೆ ಪ್ರತ್ಯೇಕ ಎಂಜಿನಿಯರಿಂಗ್ ಪದವಿ ಬೇಕೇ?

ಪ್ರವೇಶಾರ್ಥಿ: ಸೌರ ಮತ್ತು ಪವನ ಶಕ್ತಿ ವ್ಯವಸ್ಥೆಗಳ ಎಂಜಿನಿಯರಿಂಗನ್ನು ಪದವಿ ಮಟ್ಟದಲ್ಲೇ ಓದಬೇಕೆಂದಿದ್ದೇನೆ. ಮೊದಲು ಎಲೆಕ್ಟ್ರಿಕಲ್ ಅಥವಾ ಮೆಕ್ಯಾನಿಕಲ್ ಮುಗಿಸಿ, ಸ್ನಾತಕೋತ್ತರದಲ್ಲಿ ಇತ್ತ ಬರುವುದೇ ಲೇಸು ಎನ್ನುವವರೂ ಇದ್ದಾರೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಗಾಳಿಯಂತ್ರ: ಅವರ ಮಾತೇ ಸರಿ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗದ ಅಂದಾಜಿನಲ್ಲಾಗುವ ಸಣ್ಣ ತಪ್ಪೂ ಉತ್ಪಾದನೆಯ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಆ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚನ್ನು ಟರ್ಬೈನು ಹೀರಲಾರದು ಎಂಬ ಬೆಟ್ಜ್ ಮಿತಿಯನ್ನು ಬಾಯಿಪಾಠ ಮಾಡುವುದಕ್ಕೂ ದ್ರವಚಲನಶಾಸ್ತ್ರದ ಮೂಲಕ ತಾನೇ ಸಾಧಿಸಿ ತೋರಿಸುವುದಕ್ಕೂ ಅಜಗಜಾಂತರವಿದೆ. ಎರಡು ಕ್ಷೇತ್ರಗಳನ್ನು ನಾಲ್ಕು ವರ್ಷಗಳಲ್ಲಿ ತುರುಕುವ ಪದವಿಗೆ ಅಷ್ಟು ವ್ಯವಧಾನ ಇರುವುದಿಲ್ಲ.

ಅರೆವಾಹಕ: ಒಪ್ಪಲಾರೆ. ಸಾಮಾನ್ಯ ಎಲೆಕ್ಟ್ರಿಕಲ್ ಪದವಿಯಲ್ಲಿ ಸೌರಕೋಶಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಅಧ್ಯಾಯ. ಫಲಕದ ಮೇಲೆ ನಮೂದಿಸುವ ಸಾಮರ್ಥ್ಯವನ್ನು ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆದಿರುತ್ತಾರೆ. ಬಿಸಿಲಿನಲ್ಲಿ ಸಿಲಿಕಾನ್ ಕಾದಂತೆಲ್ಲ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.5ರಷ್ಟು ಉತ್ಪಾದನೆ ಕುಸಿಯುತ್ತದೆ. ಇದರ ಕಾರಣ ತಿಳಿಯದವರು ಸ್ಥಾವರವನ್ನು ವಿನ್ಯಾಸಗೊಳಿಸುವುದು ಹೇಗೆ?

ಗ್ರಿಡ್ ಅಧ್ಯಾಪಕಿ: ಇಬ್ಬರೂ ಮೂಲವನ್ನು ಕುರಿತೇ ಮಾತನಾಡುತ್ತಿದ್ದೀರಿ, ನನ್ನ ದೃಷ್ಟಿಯಲ್ಲಿ ಕಠಿಣ ಪ್ರಶ್ನೆ ಇರುವುದು ಆ ವಿದ್ಯುತ್ತು ಜಾಲವನ್ನು ಸೇರುವ ಕಡೆ. ಉಗಿ ಅಥವಾ ಜಲ ಟರ್ಬೈನಿಗೆ ಜೋಡಿಸಿದ ಭಾರವಾದ ಜನರೇಟರು ಜಾಲದೊಂದಿಗೆ ಒಂದೇ ಲಯದಲ್ಲಿ ತಿರುಗುತ್ತಿರುತ್ತದೆ. ಎಲ್ಲೋ ಒಂದು ಸ್ಥಾವರ ಥಟ್ಟನೆ ನಿಂತರೆ, ತಿರುಗುವ ಆ ದ್ರವ್ಯರಾಶಿಯೇ ತನ್ನಲ್ಲಿರುವ ಚಲನಶಕ್ತಿಯನ್ನು ಬಿಟ್ಟುಕೊಟ್ಟು ಫ್ರೀಕ್ವೆನ್ಸಿಯ, ಅಂದರೆ ಜಾಲದ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುವ ಆವರ್ತನೆಯನ್ನು ಪೂರೈಸುತ್ತದೆ ಎಂಬುದರ, ಕುಸಿತವನ್ನು ನಿಧಾನಗೊಳಿಸುತ್ತದೆ. ಸೌರ ಫಲಕದಲ್ಲಿ ತಿರುಗುವ ಭಾಗವೇ ಇಲ್ಲ. ಗಾಳಿ ಟರ್ಬೈನಿನಲ್ಲಿ ಇದ್ದರೂ, ಇಂದಿನ ಬಹುತೇಕ ದೊಡ್ಡ ಯಂತ್ರಗಳಲ್ಲಿ ನಡುವೆ ವಿದ್ಯುತ್ತಿನ ರೂಪವನ್ನು ಬದಲಿಸುವ ಕನ್ವರ್ಟರ್ ಇರುವುದರಿಂದ ತಿರುಗುವ ರಾಶಿಯ ಆ ಜಡತ್ವ ತಾನಾಗಿ ಜಾಲಕ್ಕೆ ಒದಗುವುದಿಲ್ಲ. ನಿಯಂತ್ರಣ ಕ್ರಮದಿಂದ ಒದಗಿಸಿಕೊಳ್ಳಬೇಕು. ಹೀಗಾಗಿ ಇಂಥ ಕನ್ವರ್ಟರುಗಳ ಶಾಸ್ತ್ರವಾದ ಪವರ್ ಎಲೆಕ್ಟ್ರಾನಿಕ್ಸ್, ನಿಯಂತ್ರಣ ಸಿದ್ಧಾಂತ ಮತ್ತು ವಿದ್ಯುತ್ ವ್ಯವಸ್ಥೆಗಳ ವಿಶ್ಲೇಷಣೆ, ಈ ಮೂರೂ ಕಡ್ಡಾಯವಾಗಿರುವ ಪದವಿಯಾದರೆ ಹೆಸರು ಏನೇ ಇರಲಿ, ಧೈರ್ಯವಾಗಿ ಸೇರಿ.

ಗಾಳಿಯಂತ್ರ: ಅಧ್ಯಾಪಕಿಯವರ ವಾದಕ್ಕೆ ತೂಕವಿದೆ. ಆದರೆ ದಶಕಗಳ ಕಾಲ ಬಾಗಿ ಬಳಲುವ ಬ್ಲೇಡಿನ ಆಯಸ್ಸನ್ನು ಲೆಕ್ಕಹಾಕುವವರೂ ಬೇಕಲ್ಲವೇ? ಆ ಕಡೆ ಒಲವಿದ್ದರೆ ಮೆಕ್ಯಾನಿಕಲ್ಲೇ ಸರಿಯಾದ ದಾರಿ ಎಂಬ ನನ್ನ ನಿಲುವು ಬದಲಾಗಿಲ್ಲ.

ಪ್ರವೇಶಾರ್ಥಿ: ನನ್ನ ಒಲವು ಜಾಲದ ಕಡೆಗೇ. ನಾನು ನೋಡಿದ ಪಠ್ಯಕ್ರಮದಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಕಡ್ಡಾಯ, ನಿಯಂತ್ರಣ ಸಿದ್ಧಾಂತ ಮಾತ್ರ ಐಚ್ಛಿಕ.

ಗ್ರಿಡ್ ಅಧ್ಯಾಪಕಿ: ಹಾಗಿದ್ದರೆ ಆ ಐಚ್ಛಿಕ ವಿಷಯವನ್ನು ಪ್ರತಿವರ್ಷ ಬೋಧಿಸುತ್ತಾರೆಯೇ, ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಇನ್ವರ್ಟರಿನ ನಿಯಂತ್ರಣವನ್ನು ಸ್ವತಃ ರೂಪಿಸಿ ಪರೀಕ್ಷಿಸುತ್ತಾರೆಯೇ ಎಂದು ವಿಭಾಗಕ್ಕೆ ಬರೆದು ಕೇಳಿ. ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಎಲೆಕ್ಟ್ರಿಕಲ್ ಆರಿಸಿಕೊಳ್ಳಿ.