ಸಹಾಯ ಬೇಕು: ಕಾಲರ್ ಅಗಿಯುವ ಮಗನಿಗೆ ಯಾವ ಚ್ಯೂವಿ (ಅಗಿಯಲೆಂದೇ ಮಾಡಿದ ಸಾಧನ) ಕೊಡಲಿ?

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 7 ವರ್ಷ, ಸೆನ್ಸರಿ ಪ್ರಾಸೆಸಿಂಗ್ ತೊಂದರೆ ಇದೆ, ಅಂದರೆ ಶಬ್ದ, ಸ್ಪರ್ಶದಂಥವನ್ನು ಮೆದುಳು ನಿಭಾಯಿಸಲು ಕಷ್ಟಪಡುತ್ತದೆ. ಕ್ಲಾಸಿನಲ್ಲಿ ಗಲಾಟೆ ಜಾಸ್ತಿಯಾದರೆ ಅಂಗಿ ಕಾಲರ್, ಪೆನ್ಸಿಲ್, ಐಡಿ ಕಾರ್ಡಿನ ದಾರ, ಸಿಕ್ಕಿದ್ದೆಲ್ಲ ಅಗಿಯುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಕಾಲರ್ ಪೂರ್ತಿ ಒದ್ದೆ.

ಬೈದರೆ ಇನ್ನೂ ಜಾಸ್ತಿ ಮಾಡುತ್ತಾನೆ, ಹಾಗಾಗಿ ಬೈಯುವುದು ಬಿಟ್ಟಿದ್ದೇವೆ. ಶಾಲೆಗೆ ಹೊರಡುವ ಮೊದಲು ಕೋಡುಬಳೆ, ಕ್ಯಾರೆಟ್ ಕೊಟ್ಟರೆ ಸ್ವಲ್ಪ ಹೊತ್ತು ಸರಿ ಇರುತ್ತಾನೆ. ಹಸುಗೂಸುಗಳ ಟೀದರ್ ತಂದುಕೊಟ್ಟೆ, ಕಚ್ಚಿ ಹರಿದೇ ಹಾಕಿದ. ತುಂಡು ಗಂಟಲಿಗೆ ಹೋಗಿದ್ದರೆ ಏನು ಗತಿ!

ಆನ್‌ಲೈನಿನಲ್ಲಿ ಸಿಲಿಕೋನ್ ಚ್ಯೂವಿಗಳು ಮೆತ್ತಗಿನದು, ಮಧ್ಯಮ, ಗಟ್ಟಿ ಅಂತ ಬೇರೆ ಬೇರೆ ಸಿಗುತ್ತವೆ. ಜೋರಾಗಿ ಕಚ್ಚುವ ಮಕ್ಕಳಿಗೆ ಗಟ್ಟಿಯದೇ ಸರಿ ಅಂತಾರೆ. ಆದರೆ ಇವನಿಗೆ ಹಾಲುಹಲ್ಲು ಬಿದ್ದು ಮುಂದೆ ಹೊಸ ಹಲ್ಲು ಬರುತ್ತಿದೆ, ಅಲ್ವಾ? ನನ್ನ ಗೊಂದಲ ಇದೇ. ಕುತ್ತಿಗೆಗೆ ಹಾಕುವಂಥದ್ದಾದರೆ ಎಳೆದಾಗ ತಾನಾಗಿ ಬಿಚ್ಚಿಕೊಳ್ಳುವ ಕೊಂಡಿ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಪೆನ್ಸಿಲ್ ತುದಿಗೆ ಸಿಕ್ಕಿಸುವುದು ಶಾಲೆಗೆ ವಾಸಿ ಅನ್ನಿಸುತ್ತೆ, ಆದರೆ ಇವನು ದವಡೆ ಹಲ್ಲಲ್ಲೇ ಅಗಿಯುವುದು. ಅಷ್ಟು ಚಿಕ್ಕದು ಸಾಕಾಗುತ್ತಾ?

ಹಲ್ಲು ಬದಲಾಗುವ ವಯಸ್ಸಿನ, ಜೋರಾಗಿ ಕಚ್ಚುವ ಮಕ್ಕಳಿರುವವರು ದಯವಿಟ್ಟು ಹೇಳಿ: ಮಧ್ಯಮ ತಗೊಂಡಿರಾ, ಗಟ್ಟಿಯದಾ? ಯಾವ ಆಕಾರದ್ದು ಹರಿಯದೆ ಬಾಳಿಕೆ ಬಂತು?