ಪದಚರ್ಚೆ: ಸ್ನೋಬೋರ್ಡಿನ ಹೆರೆತ, ಕೊರೆತ ಮತ್ತು ತೊಡರುವ ಅಂಚು

ಬಳಗದ ಎಲ್ಲರಿಗೂ ನಮಸ್ಕಾರ.

ಹೋದ ಚಳಿಗಾಲದಲ್ಲಿ ಕುಂದಾಪುರದಿಂದ ಬಂದಿದ್ದ ಅಕ್ಕನ ಮಗಳನ್ನು ಟಾಹೋ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ನಾವಿರುವ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಸುಮಾರು 300 ಕಿಲೋಮೀಟರು. ಅವಳಿಗೆ ಸ್ನೋಬೋರ್ಡು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದು, ಅಡ್ಡ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ, ಅವಳ ಜೊತೆ ಆಡುವ ಮಾತು ಕನ್ನಡ. ಇಳಿಜಾರಿನಲ್ಲಿ ಜಾರುತ್ತಿರುವವಳಿಗೆ ಒಂದು ಪದ ಕೂಗಿದರೆ ಅದು ಕಿವಿಗೆ ಬಿದ್ದೊಡನೆ ಮೈಗೆ ಇಳಿಯಬೇಕು. ಅರ್ಥ ಬಿಡಿಸಿ ಹೇಳಲು ಅಲ್ಲಿ ಹೊತ್ತಿರುವುದಿಲ್ಲ. ಅಂಥ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ.

ಮೊದಲು ತಪ್ಪಿದ್ದು ‘ಬಗ್ಗು’ ಎಂಬಲ್ಲಿ. ‘ಸ್ವಲ್ಪ ಬಗ್ಗು’ ಎಂದೆ, ಅವಳು ಸೊಂಟದಿಂದ ಬಗ್ಗಿದಳು. ತಲೆ ಮುಂದೆ, ಹಿಂಭಾಗ ಹಿಂದೆ, ಕಾಲು ನೆಟ್ಟಗೆ. ಹೊಸಬರೆಲ್ಲ ಮಾಡುವ ತಪ್ಪೇ ಇದು. ಆದರೆ ಇಲ್ಲಿ ತಪ್ಪು ನನ್ನ ಪದದ್ದು, ಕನ್ನಡದಲ್ಲಿ ಬಗ್ಗುವುದೆಂದರೆ ಸೊಂಟ ಬಗ್ಗಿಸುವುದೇ. ಬೇಕಾದದ್ದು ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ನಿಲ್ಲುವುದು. ಆಗ ಅವಳೇ ಕೇಳಿದಳು, ‘ಮಾವ, ಅರೆಮಂಡಿಯಾ?’ ಆರು ವರ್ಷ ಭರತನಾಟ್ಯ ಕಲಿತವಳು. ಹೌದು, ಅರೆಮಂಡಿಯೇ! ಎರಡೂ ಪಾದ ಹೊರಮುಖ, ಮಂಡಿ ಪಾದದ ದಿಕ್ಕಿಗೆ, ಮೈ ನೇರ. ಹೊಸಬರ ಹಲಗೆಗೆ ಪಾದಗಳನ್ನು ಬಿಗಿಯುವುದೂ ಹಲವು ಸಲ ಹಾಗೆ ಹೊರಮುಖವಾಗಿಯೇ. ಅಷ್ಟು ಆಳಕ್ಕೆ ಕೂರಬೇಕಾಗಿಲ್ಲ, ಆದರೂ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ.

ಇನ್ನು ಅಂಚು. ಹಲಗೆಯ ಎರಡೂ ಬದಿಗೆ ಉಕ್ಕಿನ ಪಟ್ಟಿ ಇರುತ್ತದೆ, ಅದನ್ನು ಅರದಿಂದ ಉಜ್ಜಿ ಹರಿತ ಮಾಡುತ್ತಾರೆ. ಆ ಲೆಕ್ಕದಲ್ಲಿ ‘ಅಲಗು’ ಸರಿಯಾದೀತು, ಆದರೆ ಬಾಯಿಗೆ ಬರುವುದು ‘ಅಂಚು’. ಹಿಮ್ಮಡಿಯ ಕಡೆಯದು ಹಿಮ್ಮಡಿಯಂಚು. ಬೆರಳ ಕಡೆಯದಕ್ಕೆ ‘ಮುಂಗಾಲಂಚು’ ಎಂದರೆ ಮುಂದಿರುವ ಕಾಲು ಎಂದು ಗೊಂದಲ. ‘ತುದಿಗಾಲಲ್ಲಿ ನಿಲ್ಲು’ ಎಂದರೆ ಆತುರದ ಅರ್ಥ ಅಂಟಿಕೊಂಡಿದೆ. ಸದ್ಯಕ್ಕೆ ‘ಉಂಗುಟದಂಚು’ ಎನ್ನುತ್ತಿದ್ದೇನೆ. ಬಯಲುಸೀಮೆಯ ಕಡೆ ಕಾಲಿನ ಹೆಬ್ಬೆರಳಿಗೆ ಉಂಗುಟ ಎಂದರೆ ತಿಳಿಯುತ್ತದೆಯೇ?

ನನ್ನನ್ನು ನಿಜವಾಗಿ ಕಾಡಿದ್ದು ಮುಂದಿನದು. ಇಳಿಯುವಾಗ ಎತ್ತರದ ಕಡೆಯ ಅಂಚು ಹಿಮದಲ್ಲಿ ಊರಿರಬೇಕು, ತಗ್ಗಿನ ಕಡೆಯದು ಎದ್ದಿರಬೇಕು. ಮರೆತು ಹಲಗೆಯನ್ನು ಮಟ್ಟಸ ಮಾಡಿದರೆ ತಗ್ಗಿನ ಅಂಚು ಹಿಮಕ್ಕೆ ಸಿಕ್ಕಿ ಹಲಗೆ ಥಟ್ಟನೆ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಇದಕ್ಕೆ ಇಂಗ್ಲಿಷಿನವರು ಬಳಸುವ ಮಾತನ್ನು ಹಾಗೇ ತಂದು ‘ಅಂಚು ಹಿಡಿಯಿತು’ ಎಂದೆ. ಅವಳು ಖುಷಿಯಾದಳು! ಕನ್ನಡದಲ್ಲಿ ಹಿಡಿಯುವುದು ಒಳ್ಳೆಯದಲ್ಲವೇ, ಬ್ರೇಕು ಹಿಡಿದ ಹಾಗೆ. ‘ಎಡವಿತು’ ಎನ್ನೋಣವೆಂದರೆ ಎಡವುವುದು ಕಾಲು, ಅದೂ ಕಲ್ಲಿಗೆ. ‘ತೊಡರಿತು’ ಹತ್ತಿರ ಎನಿಸುತ್ತದೆ, ಆದರೆ ಸೀರೆ, ಬಳ್ಳಿಯ ನೆನಪು ತರುತ್ತದೆ. ಬಿದ್ದ ಮೇಲಿನದಕ್ಕೆ ಮಾತ್ರ ಕನ್ನಡದಲ್ಲಿ ಕೊರತೆಯಿಲ್ಲ. ಹಿಮ್ಮಡಿಯ ಮೇಲೆ ಇಳಿಯುವಾಗ ತೊಡರಿದರೆ ಬೋರಲು, ಆಗ ಮಣಿಕಟ್ಟಿಗೆ ಪೆಟ್ಟು. ಉಂಗುಟದ ಮೇಲಿದ್ದಾಗ ತೊಡರಿದರೆ ಅಂಗಾತ, ಆಗ ಹಿಂದಲೆಗೆ. ಹೆಲ್ಮೆಟ್ಟಿಲ್ಲದೆ ಯಾರನ್ನೂ ನಾನು ಹಲಗೆ ಹತ್ತಿಸುವುದಿಲ್ಲ.

ನನಗೆ ತುಂಬ ಹಿಡಿಸಿದ ಜೋಡಿಯೊಂದಿದೆ. ಹೊಸಬರು ಮೊದಲು ಕಲಿಯುವುದು ಹಲಗೆಯನ್ನು ಇಳಿಜಾರಿಗೆ ಅಡ್ಡ ಹಿಡಿದು ಮೆಲ್ಲಗೆ ಕೆಳಗೆ ಸರಿಯುವುದನ್ನು. ಬೆಳಗ್ಗೆ ಹಿಮ ಗಟ್ಟಿಯಾಗಿರುವಾಗ ಅಂಚಿನ ಕೆಳಗಿಂದ ಬರುವ ‘ಕರ್ರ್’ ಸದ್ದು, ಅಂಚಿನ ಮುಂದೆ ಬಿಳಿ ಪುಡಿ ಗುಪ್ಪೆಯಾಗುವುದು, ಇದೆಲ್ಲ ನಮ್ಮ ಅಡುಗೆಮನೆಯಲ್ಲಿ ಕಾಯಿ ಹೆರೆಯುವುದೇ. ‘ಕಾಯಿ ಹೆರೆದ ಹಾಗೆ ಇಳಿ’ ಎಂದದ್ದೇ ತಡ, ಅವಳು ಬೆರಳುಗಳನ್ನು ಹದವಾಗಿ ಎತ್ತಿಳಿಸಿ ಒಂದೇ ಸಮ ಹೆರೆಯುತ್ತ ಬಂದಳು. ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಜಾರುತ್ತದೆ, ನಡುವಿನ ಹದ ಕೈಗೆ ಗೊತ್ತಿದ್ದದ್ದು ಕಾಲಿಗೂ ಬಂತು. ಮುಂದೆ ಪಳಗಿದವರು ಮಾಡುವುದು ಬೇರೆ. ಹಲಗೆ ನಡುವೆ ಸೊಂಟದಂತೆ ಕಿರಿದು, ಓರೆ ಮಾಡಿದರೆ ಅಂಚು ಬಾಗಿ ತಾನೇ ಕಮಾನಿನಲ್ಲಿ ಸಾಗುತ್ತದೆ, ಹಿಂದೆ ಗೆರೆಯಷ್ಟೇ ಉಳಿಯುತ್ತದೆ. ಅದು ಕೊರೆತ. ಹೆರೆದರೆ ಅಗಲವಾದ ಪಟ್ಟೆ, ಕೊರೆದರೆ ಸಣ್ಣ ಗೀರು. ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿಯ ಲಿಫ್ಟಿನಲ್ಲಿ ಕೂತು ಕೆಳಗೆ ನೋಡಿದರೆ ಯಾರು ಎಲ್ಲಿ ಯಾವುದನ್ನು ಮಾಡಿದರೆಂದು ಹಿಮವೇ ತೋರಿಸುತ್ತದೆ. ಆದರೆ ‘ತುರಿ’ ಎನ್ನುವ ಕಡೆಯವರಿಗೆ ‘ಹೆರೆ’ ತಿಳಿದೀತೇ? ನಿಮ್ಮಲ್ಲಿ ಬೇರೆ ಅರ್ಥವಿದ್ದರೆ ತಿಳಿಸಿ.

ಒಂದಂಚಿನಿಂದ ಇನ್ನೊಂದಕ್ಕೆ ಹೋಗುವುದಕ್ಕೆ ‘ಮಗ್ಗುಲು ಬದಲಿಸು’ ಎನ್ನುತ್ತೇನೆ. ಹೆದರಿ ಹಿಂದಿನ ಕಾಲಿನ ಮೇಲೆ ಭಾರ ಹಾಕಿದರೆ ಮಗ್ಗುಲು ಬದಲುವುದೇ ಇಲ್ಲ, ಭಾರ ಮುಂದಿನ ಕಾಲಿಗೆ ಬರಬೇಕು, ಕಣ್ಣು ಹೋಗಬೇಕಾದ ಕಡೆ ನೋಡಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತೇಲಿ ಇಳಿಯುವುದು ‘ತರಗೆಲೆ’. ನೇರ ತಗ್ಗಿನ ದಾರಿ ‘ನೀರಿಳಿವ ಗೆರೆ’.

ಆಟದ ಹೆಸರನ್ನು ನಾನು ಮುಟ್ಟುವುದಿಲ್ಲ. ‘ಹಿಮಫಲಕ ಸವಾರಿ’ ಎಂದರೆ ಯಾರೂ ಕರೆಯುವುದಿಲ್ಲ, ಸ್ನೋಬೋರ್ಡಿಂಗ್ ಹಾಗೇ ಇರಲಿ. ಮನೆಯ ಪದಗಳಿಗೆ ಬಲ ಇಲ್ಲವೆಂದಲ್ಲ. 1965ರ ಕ್ರಿಸ್‌ಮಸ್ಸಿನಂದು ಮಿಷಿಗನ್ನಿನ ಶರ್ಮನ್ ಪಾಪ್ಪೆನ್ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿದಾಗ, ಸ್ನೋ ಮತ್ತು ಸರ್ಫ್ ಕೂಡಿಸಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟವರು ಅವರ ಹೆಂಡತಿ. ಆ ಹಲಗೆಯಿಂದ ಬೆಳೆದ ಆಟ 1998ರ ನಾಗಾನೋ ಒಲಿಂಪಿಕ್ಸಿಗೂ ಹೋಯಿತು.

ಡಿಸೆಂಬರಿನಲ್ಲಿ ಅಕ್ಕನ ಮಗಳು ಮತ್ತೆ ಬರುತ್ತಾಳೆ. ಅಷ್ಟರೊಳಗೆ ಆ ತಗ್ಗಿನ ಅಂಚಿಗೆ, ತೊಡರುವ ಮೊದಲೇ ಕೂಗಿ ಎಚ್ಚರಿಸಬಹುದಾದ ಎರಡಕ್ಷರದ ಒಂದು ಪದ ಯಾರಾದರೂ ಕೊಡುವಿರಾ?